ನೀರಿಗೆ ಸರ್ವೆ ನಂಬ್ರ ಇಲ್ಲ

(ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲ ಸಮೀಪದ ವಾಚನಾಲಯವೊಂದರಲ್ಲಿ, ಮಳೆ ಸ್ವಲ್ಪ ಬಿಡುವು ಕೊಟ್ಟ ಆಗಸ್ಟಿನ ಒಂದು ಮಧ್ಯಾಹ್ನ ಆಡಿದ ಮಾತುಗಳ ಬರಹ ರೂಪ. ಕೊನೆಯ ಪ್ರಶ್ನೋತ್ತರದಲ್ಲಿ ಉಪಯೋಗಕ್ಕೆ ಬರುವ ಕೆಲವನ್ನಷ್ಟೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಆಮಂತ್ರಣ ಪತ್ರದಲ್ಲಿ 'ಕೃಷಿಕರಿಗೆ ಮತ್ತು ನಗರವಾಸಿಗಳಿಗೆ ಮಣ್ಣು-ನೀರು ಸಂರಕ್ಷಣೆಯ ನೆರವು' ಎಂದು ಹಾಕಿದ್ದಾರೆ. ನೀವು ಕೂತದ್ದೂ ಹಾಗೆಯೇ. ಈಚೆ ಬದಿಯಲ್ಲಿ ತೋಟದವರು, ಆಚೆ ಬದಿಯಲ್ಲಿ ವಿದ್ಯಾನಗರದಿಂದ, ಕಾಸರಗೋಡು ಪೇಟೆಯಿಂದ ಬಂದವರು. ಈ ಎರಡು ಬದಿಯ ನಡುವೆ ಒಂದು ಹೊಳೆ ಇದೆ, ಅಲ್ಲಿಂದಲೇ ಶುರು ಮಾಡುತ್ತೇನೆ.

ಪಯಸ್ವಿನಿ ಕೊಡಗಿನ ಗುಡ್ಡಗಳಲ್ಲಿ ಹುಟ್ಟಿ, ಸುಳ್ಯವನ್ನು ಹಾದು ನಮ್ಮ ಜಿಲ್ಲೆಗೆ ಇಳಿದು, ಚಂದ್ರಗಿರಿ ಎಂಬ ಹೆಸರಿನಲ್ಲಿ ತಳಂಗರೆಯ ಹತ್ತಿರ ಸಮುದ್ರ ಸೇರುತ್ತದೆ. ಕಾಸರಗೋಡು ಪೇಟೆಯ ನಳ್ಳಿಗೆ ನೀರು ಹೋಗುವುದು ಈ ಹೊಳೆಯಿಂದ, ಬಾವಿಕ್ಕರೆಯ ಪಂಪುಹೌಸಿನ ಮೂಲಕ. ಎಷ್ಟೋ ವರ್ಷ ಬೇಸಗೆ ಬಂತೆಂದರೆ ಪೇಟೆಯವರಿಗೆ ಉಪ್ಪುನೀರೇ ಗತಿಯಾಗಿತ್ತು. ಮೇಲಿನ ಹರಿವು ಸಣಕಲಾದ ಕೂಡಲೇ ಸಮುದ್ರದ ಉಬ್ಬರ ಬಾವಿಕ್ಕರೆಯವರೆಗೂ ಏರಿಬಿಡುತ್ತಿತ್ತು. ಹೊಯಿಗೆ (ಮರಳು) ಗೋಣಿಯ ತಾತ್ಕಾಲಿಕ ಒಡ್ಡು ಹಾಕುವುದು, ಅದು ಕೊಚ್ಚಿಹೋಗುವುದು, ಮರುವರ್ಷ ಮತ್ತೆ ಹಾಕುವುದು. ಈಗ ಅಲ್ಲಿ ಶಾಶ್ವತ ರೆಗ್ಯುಲೇಟರ್, ಅಂದರೆ ಬಾಗಿಲಿರುವ ಅಣೆಕಟ್ಟು, ಆಗಿದೆ. ಒಳ್ಳೆಯದೇ ಆಯಿತು. ಆದರೆ ರೆಗ್ಯುಲೇಟರು ಬಂದ ನೀರನ್ನು ಹಿಡಿದಿಟ್ಟೀತು, ನೀರನ್ನು ಹುಟ್ಟಿಸಲಾರದು. ಬರಬೇಕಾದ ನೀರು ಸುಳ್ಯ, ದೇಲಂಪಾಡಿ, ಕಾರಡ್ಕ, ಮುಳಿಯಾರಿನ ತೋಟಗಳ ಬದಿಯಿಂದಲೇ ಬರಬೇಕು. ಮಾರ್ಚಿನಲ್ಲಿ ಆ ಹೊಳೆಯ ಎರಡೂ ದಡದಲ್ಲಿ ಸಾಲಾಗಿ ಕೂತ ಪಂಪುಗಳನ್ನು ನೋಡಿದವರಿಗೆ ಹೆಚ್ಚು ವಿವರಿಸಬೇಕಿಲ್ಲ. ವಿದ್ಯಾನಗರದ ಮೂರನೆ ಮಾಳಿಗೆಯಲ್ಲಿ ನಳ್ಳಿ ತಿರುಗಿಸುವವರಿಗೂ ದೇಲಂಪಾಡಿಯಲ್ಲಿ ಸ್ಪ್ರಿಂಕ್ಲರ್ ತಿರುಗಿಸುವವರಿಗೂ ಒಂದೇ ಪಾತ್ರೆಯ ಪಾಲು. ಅದರಲ್ಲಿ ಸುಳ್ಯದವರು ಬೇರೆ ರಾಜ್ಯದವರು ಎಂಬುದು ಹೊಳೆಗೆ ಗೊತ್ತೂ ಇಲ್ಲ.

ಇನ್ನು ಮಳೆಯ ಮಾತು. ನಮಗೆ ವರ್ಷಕ್ಕೆ ಸರಾಸರಿ 3,500 ಮಿಲಿಮೀಟರಿನ ಹತ್ತಿರ ಮಳೆ. ಕೇರಳದ 44 ಹೊಳೆಗಳಲ್ಲಿ 12 ನಮ್ಮ ಜಿಲ್ಲೆಯಲ್ಲೇ ಇವೆ. ಇಷ್ಟಿದ್ದೂ 2017ರ ಅಂತರ್ಜಲದ ಲೆಕ್ಕಾಚಾರದಲ್ಲಿ ಕಾಸರಗೋಡು ಬ್ಲಾಕ್ 'ಕ್ರಿಟಿಕಲ್' ಎಂಬ ಪಟ್ಟಿಗೆ ಹೋಯಿತು. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ಐದು ಸೆಂಟ್ಸ್ ಜಾಗ ಎಂದರೆ ಸುಮಾರು 200 ಚದರ ಮೀಟರ್. ಅಂದರೆ ಪೇಟೆಯಲ್ಲಿ ಐದು ಸೆಂಟ್ಸಿನ ಮನೆ ಇದ್ದವರ ತಲೆಮೇಲೆ ವರ್ಷಕ್ಕೆ 7 ಲಕ್ಷ ಲೀಟರ್ ಸುರಿಯುತ್ತದೆ. ಐದು ಜನರ ಮನೆಗೆ ದಿನಕ್ಕೆ ತಲಾ 135 ಲೀಟರಿನಂತೆ ಲೆಕ್ಕ ಹಾಕಿದರೂ ವರ್ಷವಿಡೀ ಬೇಕಾಗುವುದು ಎರಡೂವರೆ ಲಕ್ಷ ಲೀಟರ್. ತೋಟದವರ ಒಂದು ಎಕರೆಗೆ 1 ಕೋಟಿ 40 ಲಕ್ಷ ಲೀಟರ್ ಬೀಳುತ್ತದೆ. ಹಾಗಾಗಿ ನಮ್ಮಲ್ಲಿ ನೀರಿಲ್ಲ ಎಂದು ಯಾರಾದರೂ ಭಾಷಣ ಮಾಡಿದರೆ ನಂಬಬೇಡಿ.

ನಮ್ಮ ತೊಂದರೆ ಇರುವುದು ಕಾಲಡಿಯ ಮುರಕಲ್ಲಿನಲ್ಲಿ. ಮುರಕಲ್ಲು ತೂತು ತೂತಾದ ಕಲ್ಲು, ನೀರನ್ನು ಬೇಗ ಒಳಗೆ ಬಿಡುತ್ತದೆ. ಅದರ ಅಡಿಯಲ್ಲಿ ಶೇಡಿ ಮಣ್ಣು, ಅದು ನೀರನ್ನು ಕೆಳಗೆ ಬಿಡುವುದಿಲ್ಲ. ಹಾಗಾದರೆ ಒಳಗೆ ಹೋದ ನೀರು ಏನು ಮಾಡಬೇಕು? ಬದಿಗೆ ಹರಿದು ಗುಡ್ಡೆಯ ಬುಡದಲ್ಲಿ ಒಸರಾಗಿ ಹೊರಟು ತೋಡು, ಅಂದರೆ ಸಣ್ಣ ಹಳ್ಳ, ಸೇರುತ್ತದೆ. ಜುಲೈಯಲ್ಲಿ ಬಗ್ಗಿ ಕೈಯಲ್ಲಿ ಮುಟ್ಟುವ ಹಾಗೆ ತುಂಬಿದ ಬಾವಿ ಫೆಬ್ರವರಿಗೆ ಕೊಡಪಾನ ತಳಕ್ಕೆ ಬಡಿಯುವ ಹಾಗೆ ಆಗುವುದು ಇದರಿಂದ. ತುಂಬಿಸುವುದು ಇಲ್ಲಿ ದೊಡ್ಡ ಕೆಲಸವೇ ಅಲ್ಲ, ಮಳೆರಾಯ ತುಂಬಿಸಿಯೇ ತುಂಬಿಸುತ್ತಾನೆ. ಡಿಸೆಂಬರಿಗೆ ಹೋಗಬೇಕಾದ ಒಸರನ್ನು ಏಪ್ರಿಲ್ ತನಕ ಎಳೆದುಕೊಂಡು ಹೋಗುವುದು ಹೇಗೆ ಎಂಬುದೇ ನಮ್ಮ ಪ್ರಶ್ನೆ. ಬಯಲುಸೀಮೆಯ ಪುಸ್ತಕದಲ್ಲಿರುವ ಉಪಾಯಗಳನ್ನು ಇಲ್ಲಿಗೆ ತಂದಾಗ ಅರ್ಧಕ್ಕರ್ಧ ಕೆಲಸ ಮಾಡದಿರುವುದಕ್ಕೆ ಕಾರಣ ಇದು. ಅವರಿಗೆ ಬೀಳುವುದೇ ಕಡಿಮೆ, ನಮಗೆ ಬಿದ್ದದ್ದು ನಿಲ್ಲುವುದಿಲ್ಲ.

ಈ ನೆಲದ ಸ್ವಭಾವವನ್ನು ನಮ್ಮ ಹಿರಿಯರು ಅರ್ಥ ಮಾಡಿಕೊಂಡದ್ದಕ್ಕೆ ಸುರಂಗಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಬಾಯಾರು, ಪೈವಳಿಕೆ, ಶೇಣಿ, ಪಡ್ರೆ ಕಡೆಯವರಿಗೆ ನಾನು ಸುರಂಗ ವಿವರಿಸಿದರೆ ನಗುತ್ತೀರಿ, ಪೇಟೆಯ ಮಕ್ಕಳಿಗಾಗಿ ಹೇಳುತ್ತೇನೆ. ಗುಡ್ಡೆಯ ಹೊಟ್ಟೆಗೆ ಅಡ್ಡಕ್ಕೆ, ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟು ಅಗಲಕ್ಕೆ ಕೊರೆಯುತ್ತ ಹೋಗುವುದು. ಒಳಗೆ ಮೇಣದಬತ್ತಿ ಹಚ್ಚಿಟ್ಟು ಪಿಕ್ಕಾಸಿನಲ್ಲಿ ಕಡಿಯುತ್ತಾರೆ. ಉರಿ ಮಂಕಾಯಿತೋ, ಗಾಳಿ ಸಾಲದು, ಹೊರಗೆ ಬರಬೇಕು. ಒಸರು ಸಿಕ್ಕಿದಲ್ಲಿಗೆ ನಿಲ್ಲಿಸುತ್ತಾರೆ. ನೀರು ತಾನಾಗಿ ಹೊರಗೆ ಹರಿದು ಬಂದು ಹೊಂಡದಲ್ಲಿ ನಿಲ್ಲುತ್ತದೆ, ಅಲ್ಲಿಂದ ಪೈಪಿನಲ್ಲಿ ಅಡುಗೆಮನೆಗೆ. ಪಂಪು ಬೇಡ, ಕರೆಂಟು ಬೇಡ. ಗುಡ್ಡೆ ಬದುಕಿರುವಷ್ಟು ದಿನ ಸುರಂಗ ಬದುಕಿರುತ್ತದೆ. ಗುಡ್ಡೆಯ ಮೇಲಿನ ಪದವನ್ನು, ಅಂದರೆ ಸಮತಟ್ಟಾದ ಬಯಲನ್ನು, ಜೆಸಿಬಿ ತಂದು ಹದ ಮಾಡಿ ರಬ್ಬರ್ ಹಾಕಿದ ಮೇಲೆಯೋ, ಕಲ್ಲಿನ ಕೋರೆ ಮಾಡಿದ ಮೇಲೆಯೋ, ಆಚೆಮನೆಯವರು ಆಳದ ಬೋರು ಕೊರೆಸಿದ ಮೇಲೆಯೋ ಸುರಂಗದ ನೀರಿನ ನೂಲು ಸಪುರವಾದದ್ದನ್ನು ಇಲ್ಲಿ ಕೂತವರಲ್ಲಿ ಹಲವರು ಕಂಡಿದ್ದೀರಿ.

ಗುಡ್ಡೆಯ ತಲೆಯಲ್ಲಿ ಮಾಡಿದ್ದು ಕೆಳಗಿನವರ ಬಾವಿಗೆ ಬರುತ್ತದೆ ಎಂಬುದನ್ನು ಈ ಜಿಲ್ಲೆಗೆ ಬೇರೆ ಊರಿನವರು ಬಂದು ಕಲಿಸಬೇಕಿಲ್ಲ. ಎರಡು ದಶಕಕ್ಕೂ ಹೆಚ್ಚು ಕಾಲ, 2000ದವರೆಗೆ, ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದರು. ಗೇರುತೋಟ ಇದ್ದದ್ದು ಗುಡ್ಡೆಯ ಮೇಲೆ, ತೋಡು ಹುಟ್ಟುವುದೂ ಅಲ್ಲೇ. ಅದರ ಫಲ ಉಂಡವರು ಪಡ್ರೆಯಲ್ಲಿ, ಎಣ್ಮಕಜೆಯಲ್ಲಿ, ಬೆಳ್ಳೂರಿನಲ್ಲಿ ಈಗಲೂ ಇದ್ದಾರೆ. ಅದನ್ನು ಇಲ್ಲಿ ವಿಸ್ತರಿಸುವುದಿಲ್ಲ, ಅದು ಬೇರೆಯೇ ಒಂದು ಸಭೆಯ ವಿಷಯ.

ಈಗ ಕಟ್ಟದ, ಅಂದರೆ ತೋಡಿಗೆ ಅಡ್ಡ ಹಾಕುವ ತಾತ್ಕಾಲಿಕ ಒಡ್ಡಿನ, ವಿಷಯಕ್ಕೆ ಬರೋಣ. ಇದನ್ನು ಸ್ವಲ್ಪ ಹೆಚ್ಚು ಹೊತ್ತು ಮಾತಾಡುತ್ತೇನೆ, ನವೆಂಬರಿಗೆ ಇನ್ನು ಮೂರೇ ತಿಂಗಳು ಇರುವುದರಿಂದ.

ಕುಂಬಡಾಜೆ ಪಂಚಾಯತಿನ ಏತಡ್ಕದವರು ಕಟ್ಟ ಹಾಕುವುದರಲ್ಲಿ ಹೆಸರಾದವರು. ಒಂದು ತೋಡಿಗೆ ಒಂದರ ಕೆಳಗೆ ಒಂದರಂತೆ ಸಾಲಾಗಿ ಹಾಕುತ್ತಾರೆ. ಕೆಳಗಿನ ಕಟ್ಟದಲ್ಲಿ ನಿಂತ ನೀರು ಹಿಂದಕ್ಕೆ ಹೋಗಿ ಮೇಲಿನ ಕಟ್ಟದ ಬುಡ ಮುಟ್ಟಬೇಕು. ಆಗ ಮೇಲಿನದರಲ್ಲಿ ಸೋರಿದ್ದು ಹಾಳಾಗುವುದಿಲ್ಲ, ಕೆಳಗಿನವರಿಗೆ ಸಿಗುತ್ತದೆ, ತೋಡಿನ ಉದ್ದಕ್ಕೂ ನೀರಿನ ಒಂದು ಮೆಟ್ಟಿಲಸಾಲು ನಿಲ್ಲುತ್ತದೆ. ಒಬ್ಬನೇ ತನ್ನ ಜಾಗದಲ್ಲಿ ಒಂದು ಕಟ್ಟ ಹಾಕಿದರೆ ಈ ಲಾಭ ಇಲ್ಲ. ಮಣ್ಣು ಎರಡೂ ಬದಿಯಲ್ಲಿ ಒಣಗಿರುವಾಗ ನಡುವೆ ಒಂದು ಕಡೆ ನೀರು ನಿಲ್ಲಿಸಿದರೆ ಅದು ಬದಿಯಿಂದ, ಅಡಿಯಿಂದ ನುಸುಳಿ ಹೋಗಿಯೇ ಹೋಗುತ್ತದೆ.

ಹಳೆಯ ಕ್ರಮ ಹೀಗೆ: ತೋಡಿಗೆ ಅಡ್ಡಲಾಗಿ ಎರಡು ಸಾಲು ಕಾಡುಕಲ್ಲು ಜೋಡಿಸುವುದು, ನಡುವೆ ಅಂಟುಮಣ್ಣು ತುಂಬಿ ಮೆಟ್ಟುತ್ತ ಹೋಗುವುದು, ನೀರು ಬಡಿಯುವ ಬದಿಗೆ ಅಡಿಕೆ ಮರದ ಸಲಕೆ (ಸೀಳು) ಮತ್ತು ಸೊಪ್ಪು ಕೊಡುವುದು. ಮೆಟ್ಟುವುದೇ ಮುಖ್ಯ. ಮಣ್ಣು ಹಾಕಿ ಬಿಟ್ಟರೆ ಏಡಿ ತೂತು ಮಾಡುತ್ತದೆ, ಎರಡು ದಿನದಲ್ಲಿ ಆ ತೂತು ಕೈ ಹೋಗುವಷ್ಟು ಆಗುತ್ತದೆ. ಈ ಕೆಲಸ ಬಲ್ಲ ಆಳುಗಳು ಕಡಿಮೆಯಾದಂತೆ ಗೊಬ್ಬರದ ಖಾಲಿ ಚೀಲದಲ್ಲಿ ಮಣ್ಣು ತುಂಬಿ ಇಡುವುದು ಬಂತು. ಬಿಸಿಲಿಗೆ ಚೀಲ ಮಾರ್ಚಿನಲ್ಲೇ ಹರಿಯುತ್ತದೆ. ಆಮೇಲೆ ಗಟ್ಟಿ ಪ್ಲಾಸ್ಟಿಕ್ ಶೀಟು ಬಂತು: ಕಲ್ಲಿನ ಸಾಲಿನ ಮೇಲೆ ಶೀಟು ಹೊದೆಸಿ, ಅದರ ಅಂಚನ್ನು ತೋಡಿನ ತಳದಲ್ಲಿ ಮಣ್ಣಿನಡಿ ಹುಗಿಯುವುದು. ಚೆನ್ನಾಗಿ ಒಗೆದು ಮಡಚಿಟ್ಟರೆ ಶೀಟು ನಾಲ್ಕಾರು ವರ್ಷ ಬರುತ್ತದೆ. ಇಲಿ ಕಡಿಯದ ಜಾಗದಲ್ಲಿ ಇಡಬೇಕು, ಅಷ್ಟೆ.

ಯಾವಾಗ ಹಾಕಬೇಕು ಎಂಬುದರಲ್ಲೇ ಅರ್ಧ ವಿದ್ಯೆ ಇದೆ. ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಗುಡುಗು ಮಳೆ ಮುಗಿಯುವ ಮೊದಲು ಹಾಕಿದರೆ ಒಂದೇ ಸಂಜೆಯ ಮಳೆ ಎತ್ತಿಕೊಂಡು ಹೋಗುತ್ತದೆ. ಅಡಿಕೆ ಕೊಯ್ಲಿನ ಗಡಿಬಿಡಿಯಲ್ಲಿ ಜನವರಿ ಕೊನೆಗೆ ಹಾಕಿದರೆ ನಿಲ್ಲಿಸಲು ನೀರೇ ಇರುವುದಿಲ್ಲ. 2020ರ ಜನವರಿಯಲ್ಲಿ ಜಿಲ್ಲೆಯಲ್ಲಿ ತಡೆಯಣೆ ಉತ್ಸವ ಎಂದು ಊರೂರಲ್ಲಿ ಕಟ್ಟ ಹಾಕಿಸಿದರು. ಶಾಲೆ ಮಕ್ಕಳು, ಕುಟುಂಬಶ್ರೀ ಮಹಿಳಾ ಸಂಘದವರು ಎಲ್ಲ ಸೇರಿದರು. ಉತ್ಸಾಹಕ್ಕೆ ನಾನು ಕಲ್ಲು ಹಾಕುವುದಿಲ್ಲ. ಆದರೆ ಹಲವು ತೋಡುಗಳಿಗೆ ಜನವರಿ ತಡವೇ. ಡಿಸೆಂಬರಿನ ಮೊದಲ ವಾರದಲ್ಲಿ ಮಾಡಿದ್ದರೆ ಅದೇ ಬೆವರಿಗೆ ಇಮ್ಮಡಿ ನೀರು ಸಿಗುತ್ತಿತ್ತು. ನಮ್ಮವರೇ ಆದ ಶ್ರೀ ಪಡ್ರೆಯವರು 'ಅಡಿಕೆ ಪತ್ರಿಕೆ'ಯಲ್ಲಿ ಕಟ್ಟ, ಸುರಂಗ, ಮದಕ (ಮಳೆನೀರು ನಿಲ್ಲಿಸುವ ಕೆರೆ) ಇವುಗಳ ಬಗ್ಗೆ ವರ್ಷಗಟ್ಟಲೆ ಬರೆದಿದ್ದಾರೆ, ಹಳೆಯ ಸಂಚಿಕೆಗಳು ಮನೆಯ ಅಟ್ಟದಲ್ಲಿದ್ದರೆ ಇಳಿಸಿ ಓದಿ.

ಕಟ್ಟ ಹಾಕಿದ ಮೇಲೆ ತೋಟದೊಳಗೆ ನೀರು ಸುರಿಯುವ ರೀತಿಯನ್ನೂ ನೋಡಬೇಕು. ಡ್ರಿಪ್ಪಿನಲ್ಲಿ ಒಂದು ಅಡಿಕೆ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಸಾಕು. ಎಕರೆಗೆ 550 ಮರ ಎಂದರೂ 11 ಸಾವಿರ ಲೀಟರ್. ಸ್ಪ್ರಿಂಕ್ಲರ್ ಹಾಕಿ ಕರೆಂಟು ಇರುವಷ್ಟು ಹೊತ್ತು ಬಿಡುವವರ ಖರ್ಚು ಇದರ ಎಷ್ಟು ಪಟ್ಟು ಎಂದು ಅವರವರೇ ಲೆಕ್ಕ ಹಾಕಿಕೊಳ್ಳಲಿ. ಪ್ರಧಾನಮಂತ್ರಿ ಕೃಷಿ ಸಿಂಚಾಯಿ ಯೋಜನೆಯಲ್ಲಿ ಡ್ರಿಪ್ಪಿಗೆ ಸಣ್ಣ ಮತ್ತು ಅತಿಸಣ್ಣ ಹಿಡುವಳಿದಾರರಿಗೆ ಶೇಕಡಾ 55, ಉಳಿದವರಿಗೆ ಶೇಕಡಾ 45 ಸಹಾಯಧನ ಇಟ್ಟದ್ದು ಸುಮ್ಮನೆ ಅಲ್ಲ.

ತೆಂಗಿನವರಿಗೆ ಇನ್ನೂ ಸುಲಭದ್ದು ಕಾಸರಗೋಡಿನಲ್ಲೇ ಇದೆ. ಕೂಡ್ಲಿನ ಸಿಪಿಸಿಆರ್‌ಐ (ಕೇಂದ್ರೀಯ ತೋಟಬೆಳೆ ಸಂಶೋಧನಾ ಸಂಸ್ಥೆ) ಶುರುವಾದದ್ದು 1916ರಲ್ಲಿ, ತೆಂಗಿನ ಸಂಶೋಧನಾ ಕೇಂದ್ರವಾಗಿ. ಇಳಿಜಾರು ತೆಂಗಿನ ತೋಟಕ್ಕೆ ಅವರು ಹೇಳುವುದು ಒಂದೂವರೆ ಮೀಟರ್ ಉದ್ದ, ಅರ್ಧ ಮೀಟರ್ ಅಗಲ, ಅರ್ಧ ಮೀಟರ್ ಆಳದ ಗುಂಡಿ. ತೆಗೆದ ಮಣ್ಣನ್ನು ಗುಂಡಿಯ ಕೆಳಬದಿಗೆ ದಿಂಡಾಗಿ ಹಾಕಿ ಅದರ ಮೇಲೆ ಅನಾನಸು ನೆಡುವುದು, ಗುಂಡಿಗೆ ತೆಂಗಿನ ಸಿಪ್ಪೆ ತುಂಬುವುದು. ಸಿಪ್ಪೆಯನ್ನು ಹೇಗೆಂದರೆ ಹಾಗೆ ಸುರಿಯಬೇಡಿ. ಒಳಬದಿ ಮೇಲೆ ಬರುವಂತೆ ಬಟ್ಟಲಿನ ಹಾಗೆ ಸಾಲಾಗಿ ಇಡಬೇಕು, ಮೇಲಿನ ಒಂದು ಸಾಲು ಮಾತ್ರ ಕವುಚಿ. ಮಳೆಗೆ ನೆನೆದ ಸಿಪ್ಪೆ ತನ್ನ ತೂಕದ ಹಲವು ಪಟ್ಟು ನೀರು ಹಿಡಿದು ಬೇಸಗೆಯಲ್ಲಿ ಬೇರಿಗೆ ಕೊಡುತ್ತ ಬರುತ್ತದೆ. ಇಳಿಜಾರಿನಲ್ಲಿ ಹೋಗುವ ಮೇಲ್ಮಣ್ಣು ಇದೇ ಗುಂಡಿಯಲ್ಲಿ ಸಿಕ್ಕಿಬೀಳುತ್ತದೆ. ಸಿಪ್ಪೆ ಮಾರಿದರೆ ಸಿಗುವ ಪುಡಿಕಾಸಿಗಿಂತ ಇದು ಲಾಭ ಎಂಬುದು ನನ್ನ ಅಭಿಪ್ರಾಯ. ಅದನ್ನು ಒಪ್ಪದೆ ಸಿಪ್ಪೆ ಲಾರಿಗೆ ತುಂಬಿಸಿ ಕಳಿಸುವ ಬಂಧುಗಳೂ ನನಗಿದ್ದಾರೆ.

ದರಗು (ಒಣ ಎಲೆ) ಗುಡಿಸಿ ಸುಡಬೇಡಿ ಎಂದು ಮಾತ್ರ ಹೇಳಿ ಮುಂದೆ ಹೋಗುತ್ತೇನೆ. ಎಲ್ಲರಿಗೂ ಗೊತ್ತಿದೆ, ಆದರೂ ಜನವರಿಯಲ್ಲಿ ಸಂಜೆ ಹೊಗೆ ಏಳುವುದು ನಿಂತಿಲ್ಲ.

ಈಗ ಪೇಟೆಯವರು. ನಿಮ್ಮ ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸಿದ್ದೀರಿ. ಕೆಸರಿಲ್ಲ, ಕಾರು ನಿಲ್ಲಿಸಲು ಚಂದ. ಮಳೆ ಬಂದಾಗ ಒಮ್ಮೆ ಗೇಟಿನ ಹತ್ತಿರ ಕೊಡೆ ಹಿಡಿದು ನಿಂತು ನೋಡಿ. ಮಾಡಿನ (ಛಾವಣಿಯ) ನೀರು ಪೈಪಿನಲ್ಲಿ ಇಳಿದು ಇಂಟರ್‌ಲಾಕಿನ ಮೇಲೆ ಜಾರಿ ಗೇಟಿನಡಿಯಿಂದ ರಸ್ತೆಗೆ, ರಸ್ತೆಯಿಂದ ಚರಂಡಿಗೆ, ಅಲ್ಲಿಂದ ತಗ್ಗಿನಲ್ಲಿರುವ ಯಾರದೋ ಅಂಗಡಿಯೊಳಗೆ. ಅದೇ ನೀವು ಮಾರ್ಚಿನಲ್ಲಿ ಟ್ಯಾಂಕರಿಗೆ ಫೋನು ಮಾಡುತ್ತೀರಿ. ಕೇರಳದಲ್ಲಿ 2004ರಿಂದ ಕಟ್ಟಡ ನಿಯಮದಲ್ಲೇ ಮಳೆಕೊಯ್ಲು ಸೇರಿದೆ. ಮನೆ ನಂಬ್ರ ಸಿಗಬೇಕಾದರೆ ತೋರಿಸಬೇಕು ಎಂದು ಒಂದು ಸಣ್ಣ ಟ್ಯಾಂಕಿ ಇಟ್ಟು, ನಂಬ್ರ ಸಿಕ್ಕಿದ ಮೇಲೆ ಅದಕ್ಕೆ ಬಂದ ಪೈಪು ಕಳಚಿಹೋದ ಮನೆಗಳು ಎಷ್ಟು ಎಂದು ಕೇಳಿದರೆ ಆಚೆ ಬದಿಯಲ್ಲಿ ಕೆಲವರು ತಲೆ ತಗ್ಗಿಸುತ್ತೀರಿ.

ಬಾವಿ ಇರುವ ಮನೆಗೆ ಟ್ಯಾಂಕಿ ಬೇಕೂ ಇಲ್ಲ. ಮಾಡಿನ ಅಂಚಿಗೆ ದಂಬೆ ಕೊಟ್ಟು ಪೈಪಿನಲ್ಲಿ ತಂದು, ಒಂದು ಡ್ರಮ್ಮಿನಲ್ಲಿ ಅಡಿಗೆ ಜಲ್ಲಿ, ನಡುವೆ ಇದ್ದಲು, ಮೇಲೆ ತೊಳೆದ ಹೊಯಿಗೆ ಹಾಕಿ, ಅದರ ಮೂಲಕ ಸೋಸಿ ಬಾವಿಗೆ ಬಿಟ್ಟರೆ ಆಯಿತು. ಮೊದಲ ಎರಡು ಮೂರು ಮಳೆಯ ನೀರನ್ನು ಹೊರಗೆ ಬಿಡಬೇಕು. ಅದರಲ್ಲಿ ಬೇಸಗೆಯ ಧೂಳು, ಹಕ್ಕಿ ಹಿಕ್ಕೆ ಎಲ್ಲ ಇರುತ್ತದೆ. ಅದಕ್ಕೊಂದು ಅಡ್ಡ ವಾಲ್ವ್ ಇಡಿ. ಸಾವಿರ ಚದರಡಿ ಮಾಡಿನಿಂದ ವರ್ಷಕ್ಕೆ 3 ಲಕ್ಷ ಲೀಟರಿಗೂ ಹೆಚ್ಚು ಸಿಗುತ್ತದೆ. ಮುರಕಲ್ಲಿನ ಬಾವಿಯಾದ್ದರಿಂದ ಇದರಲ್ಲಿ ಬಹುಪಾಲು ನಿಮ್ಮ ಬಾವಿಯಲ್ಲಿ ನಿಲ್ಲದೆ ಬದಿಗೆ ಸರಿಯುತ್ತದೆ, ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಒಂದು ಬೀದಿಯ ಇಪ್ಪತ್ತು ಮನೆಯವರು ಮಾಡಿದರೆ ಸರಿದುಹೋದದ್ದು ನೆರೆಮನೆಯ ಬಾವಿಗೆ, ನೆರೆಮನೆಯದ್ದು ನಿಮ್ಮದಕ್ಕೆ. ಏತಡ್ಕದ ಕಟ್ಟದ ಲೆಕ್ಕವೇ ಇದು.

ನೆರವಿನ ವಿಷಯಕ್ಕೆ ಬಂದೆ. ಕೇರಳದಲ್ಲಿ ನೆರವು ಇಲ್ಲ ಎನ್ನುವ ಹಾಗಿಲ್ಲ. ಪಂಚಾಯತಿಗೊಂದು ಕೃಷಿಭವನ ಇದೆ, ಜಿಲ್ಲೆಗೊಂದು ಮಣ್ಣು ಸಂರಕ್ಷಣಾ ಕಚೇರಿ ಇದೆ, ಉದ್ಯೋಗ ಖಾತರಿ ಅಥವಾ ನಾವೆಲ್ಲ ಕರೆಯುವ ಹಾಗೆ ತೊಳಿಲುರಪ್ಪು ಇದೆ, 2016ರ ಡಿಸೆಂಬರಿನಿಂದ ಹರಿತ ಕೇರಳ ಮಿಷನ್ ಇದೆ. ತೋಡಿನ ದಡಕ್ಕೆ ತೆಂಗಿನ ನಾರಿನ ಬಲೆ ಹೊದೆಸಿ ಹುಲ್ಲು ನೆಡುವ ಕೆಲಸವನ್ನು ತೊಳಿಲುರಪ್ಪಿನ ಹೆಂಗಸರು ಎಷ್ಟು ಅಚ್ಚುಕಟ್ಟಾಗಿ ಮಾಡುತ್ತಾರೆ ಎಂದು ನೋಡಿಯೇ ತಿಳಿಯಬೇಕು. 2019ರ ಜುಲೈನಲ್ಲಿ ಜಿಲ್ಲೆಯ ಹದಿಮೂರು ಪಂಚಾಯತುಗಳಲ್ಲಿ ಮೂರು ಲಕ್ಷ ಬಿದಿರು ಸಸಿ ನೆಡುವ ಕಾರ್ಯಕ್ರಮವೂ ಆಯಿತು.

ಇದೆಲ್ಲ ಇದ್ದೂ ಏನು ಕೊರತೆ ಎಂದರೆ, ನೆರವು ನಡೆಯುವುದು ಸರ್ವೆ ನಂಬ್ರದ ಮೇಲೆ. ಅರ್ಜಿ ಒಬ್ಬರ ಹೆಸರಲ್ಲಿ, ಭೂತೆರಿಗೆ ರಶೀದಿ ಒಬ್ಬರದು, ಬದು ಹಾಕುವುದು ಒಬ್ಬರ ಗಡಿಯೊಳಗೆ, ಸಹಾಯಧನ ಒಬ್ಬರ ಖಾತೆಗೆ. ಗುಡ್ಡೆಯ ಬುಡದಲ್ಲಿದ್ದವನು ಮೊದಲು ಅರ್ಜಿ ಕೊಟ್ಟರೆ ಬುಡದಲ್ಲೇ ಮೊದಲು ಕಲ್ಲಿನ ಬದು ಬರುತ್ತದೆ. ಮೇಲಿನವನು ಆಮೇಲೆ ಗುಡ್ಡೆ ಅಗೆಸಿದರೆ ಒಂದೇ ಮಳೆಗಾಲದಲ್ಲಿ ಆ ಬದುವಿನ ಹಿಂದೆ ಕೆಂಪು ಮಣ್ಣು ತುಂಬಿ ನೀರು ಮೇಲಿನಿಂದ ಹಾರುತ್ತದೆ. ನನ್ನ ಪರಿಚಯದ ಒಂದು ತೋಡಿನಲ್ಲಿ ಹೀಗೆಯೇ ಆಯಿತು. ಕಾಗದದಲ್ಲಿ ಎರಡೂ ಕೆಲಸ ಸರಿಯಾಗಿಯೇ ನಡೆದಿತ್ತು, ಎರಡಕ್ಕೂ ಸಹಾಯಧನ ಬಂದಿತ್ತು.

ಜಲಾನಯನ ಎಂಬ ಮಾತು ಇಲಾಖೆಯವರ ಬಾಯಲ್ಲಿ ಇಲ್ಲ ಎಂದಲ್ಲ. ಆದರೆ ಗ್ರಾಮಸಭೆಯಲ್ಲಿ ಬರುವುದು ಬಿಡಿಬಿಡಿ ಅರ್ಜಿ. ಹಾಗಾಗಿ ಇಲಾಖೆಗೆ ಕಾಯುವುದಕ್ಕಿಂತ ಅರ್ಜಿ ಕೊಡುವವರೇ ಜೊತೆಯಾಗುವುದು ಬೇಗ ಆಗುವ ಕೆಲಸ. ನಾನು ಹೇಳುವುದು ಇಷ್ಟೇ: ಅರ್ಜಿ ಬರೆಯುವ ಮೊದಲು ನಿಮ್ಮ ತೋಡಿನ ಬಾಯಿಯಿಂದ ತಲೆಯವರೆಗೆ ಒಮ್ಮೆ ನಡೆಯಿರಿ. ಮಳೆಗಾಲ ಮುಗಿಯುತ್ತಿದ್ದಂತೆ, ನೀರು ಇನ್ನೂ ಇರುವಾಗ. ಎಲ್ಲಿ ಬರೆ (ಕಡಿದಾದ ಮಣ್ಣಿನ ಬದಿ) ಕುಸಿದಿದೆ, ಎಲ್ಲಿ ಹೂಳು ಬಿದ್ದಿದೆ, ಯಾವ ಒಸರು ನಿಂತಿದೆ, ಯಾರ ಕಣಿ (ನೀರಿನ ಕಾಲುವೆ) ಯಾರ ಗದ್ದೆಗೆ ನುಗ್ಗಿದೆ, ಎಲ್ಲ ಕಣ್ಣಿಗೆ ಕಾಣುತ್ತದೆ. ಜೊತೆಗೆ ಮೇಲಿನ ಮನೆಯವರನ್ನು ಕರೆದುಕೊಳ್ಳಿ. ಗುಡ್ಡೆಯ ತಲೆಯಲ್ಲಿರುವವರ ಕೆಲಸ ಪಟ್ಟಿಯಲ್ಲಿ ಮೊದಲು ಬರಲಿ, ಬುಡದವರದ್ದು ಕೊನೆಗೆ. ಬುಡದವರು ತಮ್ಮ ಸರದಿ ಬಿಟ್ಟುಕೊಡಬೇಕು, ಇದು ಹೇಳಿದಷ್ಟು ಸುಲಭವಲ್ಲ. ಆದರೆ ಬೇರೆ ದಾರಿಯಿಂದ ಮಾಡಿದ್ದು ಉಳಿದದ್ದನ್ನು ನಾನು ಕಂಡಿಲ್ಲ.

ಇನ್ನೊಂದು ಕೊರತೆ ಎರಡನೆ ವರ್ಷದ್ದು. ಕಟ್ಟಲು ಹಣ ಸಿಗುತ್ತದೆ, ಹೂಳೆತ್ತಲು ಸಿಗುವುದಿಲ್ಲ. ಉದ್ಘಾಟನೆಗೆ ಬಂದ ಫೋಟೋ ಹೂಳೆತ್ತುವಾಗ ಬರುವುದಿಲ್ಲವಲ್ಲ! ಬಿದಿರು ಸಸಿಗೂ ಇದೇ ಮಾತು. ನೆಟ್ಟ ವರ್ಷದ ಲೆಕ್ಕ ಎಲ್ಲರ ಬಾಯಲ್ಲಿದೆ, ಹಸುವಿನ ಬಾಯಿಂದ ಉಳಿದದ್ದರ ಲೆಕ್ಕ ಊರವರೇ ಇಟ್ಟುಕೊಳ್ಳಬೇಕು.

ಭಾಷೆಯದ್ದನ್ನೂ ಹೇಳದೆ ಇರಲಾಗುವುದಿಲ್ಲ. ನಮ್ಮ ಕಡೆಯ ವಯಸ್ಸಾದ ಎಷ್ಟೋ ಕೃಷಿಕರು ಮಲಯಾಳ ಮಾತಾಡುತ್ತಾರೆ, ಓದಲು ಬರುವುದಿಲ್ಲ. ಅರ್ಜಿ ನಮೂನೆ ಮಲಯಾಳದಲ್ಲಿ ಮಾತ್ರ ಇದ್ದರೆ ಅವರು ಅರ್ಜಿಯನ್ನೇ ಕೊಡುವುದಿಲ್ಲ. ಕಳೆದ ವರ್ಷ ಒಂದು ಕಚೇರಿಯಲ್ಲಿ ನನ್ನ ಜೊತೆಗಿದ್ದ ಹಿರಿಯರೊಬ್ಬರಿಗೆ 'ಕನ್ನಡದಲ್ಲಿ ಬರೆದದ್ದು ಇಲ್ಲಿ ಓದುವವರಿಲ್ಲ, ಬೇರೆ ಬರೆದು ತನ್ನಿ' ಎಂದು ಕಾಗದ ಹಿಂದೆ ಕೊಟ್ಟರು. ಕಚೇರಿಯಲ್ಲಿದ್ದವನು ತೆಂಕಣ ಜಿಲ್ಲೆಯಿಂದ ಬಂದ ಹೊಸ ಹುಡುಗ, ಕೆಟ್ಟವನಲ್ಲ. ಆದರೆ 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಲ್ಲೇ ಇಲ್ಲಿನ ಕನ್ನಡಿಗರಿಗೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ಮಾಡುವ ಅವಕಾಶ ಇದೆ. ಜಗಳಕ್ಕೆ ಹೋಗಬೇಡಿ, ಕಾಯ್ದೆಯ ಹೆಸರು ಮತ್ತು ವರ್ಷ ಹೇಳಿ ಕಾಗದ ಮೇಜಿನ ಮೇಲಿಟ್ಟು ರಶೀದಿ ಕೇಳಿ. ಕಾಲೇಜಿಗೆ ಹೋಗುವ ಮಕ್ಕಳು ತಮ್ಮ ವಾರ್ಡಿನ ಹಿರಿಯರ ಅರ್ಜಿಗಳನ್ನು ಒಂದು ಭಾನುವಾರ ಕೂತು ತುಂಬಿಸಿ ಕೊಟ್ಟರೆ ಅದೂ ದೊಡ್ಡ ನೆರವು.

ಒಂದು ಎಚ್ಚರಿಕೆ. ಇಂಗುಗುಂಡಿ ಎಂದ ಕೂಡಲೇ ಸಿಕ್ಕಸಿಕ್ಕಲ್ಲಿ ತೋಡಬೇಡಿ. ಕಡಿದಾದ ಗುಡ್ಡೆಯಲ್ಲಿ, ಮುಖ್ಯವಾಗಿ ಮನೆಯ ಹಿಂದೆ ಬರೆ ಕಡಿದ ಜಾಗದ ಮೇಲ್ಗಡೆ, ನೀರು ಇಂಗಿಸಿದರೆ ಅದು ಶೇಡಿಯ ಮೇಲೆ ಕೂತು ಇಡೀ ಬರೆಯನ್ನೇ ಜಾರಿಸುತ್ತದೆ. 2018ರಲ್ಲಿ ಮಡಿಕೇರಿಯ ಸುತ್ತ ಏನಾಯಿತೆಂದು ಗೊತ್ತಿದೆ. 2025ರಲ್ಲಿ ನಮ್ಮದೇ ಚೆರುವತ್ತೂರಿನ ಮಟ್ಟಲಾಯಿ, ವೀರಮಲೆ ಗುಡ್ಡಗಳು ಹೆದ್ದಾರಿಗಾಗಿ ಕಡಿದ ಬದಿಯಲ್ಲಿ ಕುಸಿದವು. ಅಂಥ ಜಾಗದಲ್ಲಿ ನೀರನ್ನು ಕಲ್ಲಿನ ಕಣಿಯಲ್ಲಿ ಮೆಲ್ಲ ಇಳಿಸಿ ಹೊರಗೆ ಕಳಿಸುವುದೇ ಸಂರಕ್ಷಣೆ. ಬರೆಗೆ ಲಾವಂಚ ನೆಡಿ, ಅದರ ಬೇರು ನೇರ ಕೆಳಗೆ ಇಳಿಯುತ್ತದೆ. ಇಂಗಿಸುವ ಕೆಲಸ ಪದವಿನ ಸಮತಟ್ಟಿನಲ್ಲಿ, ಸಾಧಾರಣ ಇಳಿಜಾರಿನಲ್ಲಿ ಇರಲಿ. ಪದವಿನ ಮೇಲೆ ಮಳೆಗಾಲದಲ್ಲಿ ತುಂಬುವ ಪಳ್ಳಗಳನ್ನು ಮಣ್ಣು ಹಾಕಿ ಮುಚ್ಚದಿದ್ದರೆ ಅದೇ ಸಾಕು, ಹೊಸ ಗುಂಡಿ ಬೇಡ.

ಇನ್ನು ನಿಮ್ಮ ಪ್ರಶ್ನೆಗಳು.

ವಿದ್ಯಾನಗರದಿಂದ ಬಂದ ಅಕ್ಕ ಕೇಳಿದರು: 'ನಮ್ಮ ಬಾವಿಯ ಹತ್ತಿರವೇ ನೆರೆಮನೆಯವರ ಸೆಪ್ಟಿಕ್ ಟ್ಯಾಂಕ್ ಇದೆ. ಇಂಗುಗುಂಡಿ ಮಾಡಿದರೆ ತೊಂದರೆಯಾ?' ಆಗುತ್ತದೆ ಅಕ್ಕ. ಬಾವಿಗೂ ಶೌಚದ ಗುಂಡಿಗೂ ಏಳೂವರೆ ಮೀಟರ್ ದೂರ ಇರಬೇಕೆಂದು ನಿಯಮ, ಐದು ಸೆಂಟ್ಸಿನ ಜಾಗಗಳಲ್ಲಿ ಅದು ಎಷ್ಟು ಉಳಿದಿದೆಯೋ ದೇವರಿಗೇ ಗೊತ್ತು. ಅವೆರಡರ ನಡುವೆ ಅಂಗಳದ ನೀರು ಇಂಗಿಸಿದರೆ ಮುರಕಲ್ಲಿನ ತೂತುಗಳಲ್ಲಿ ಕೊಳೆಯೂ ಜೊತೆಗೆ ಬಂದೀತು. ನೀವು ಮಾಡಿನ ನೀರನ್ನು ಸೋಸಿ ನೇರ ಬಾವಿಗೆ ಬಿಡಿ. ವರ್ಷಕ್ಕೊಮ್ಮೆ ಬಾವಿಯ ನೀರು ಪರೀಕ್ಷೆ ಮಾಡಿಸಿ, ಕುದಿಸಿಯೇ ಕುಡಿಯಿರಿ.

ಬಾಯಾರಿನ ಹಿರಿಯರು: 'ಸುರಂಗ ಬತ್ತಿತು, ಬೋರು ತೆಗೆಸಲಾ?' ಮಾವ, ಮೊದಲು ಸುರಂಗದ ಒಳಗೆ ಬಲ್ಲವರೊಬ್ಬರನ್ನು ಕಳಿಸಿ ನೋಡಿಸಿ. ಮಣ್ಣು ಬಿದ್ದು ದಾರಿ ಕಟ್ಟಿರುವುದೂ ಇದೆ, ಅದನ್ನು ತೆಗೆಸಿದರೆ ನೀರು ಮತ್ತೆ ಬರುತ್ತದೆ. ಗುಡ್ಡೆಯೇ ಒಣಗಿದ್ದರೆ ಬೋರಿನಲ್ಲಿ ಸಿಗುವುದೂ ಬಹಳ ದಿನಕ್ಕಲ್ಲ, ಕೆಳಗಿನ ಮೂರು ಮನೆಯ ಸುರಂಗಕ್ಕೂ ಸಂಚಕಾರ.

ಕೊನೆಗೆ ಹಿಂದೆ ನಿಂತಿದ್ದ ಹುಡುಗನ ಪ್ರಶ್ನೆ: 'ನಮ್ಮ ವಾರ್ಡಿನಲ್ಲಿ ಕಿಂಡಿ ಅಣೆಕಟ್ಟು ಇದೆ, ಹಲಗೆ ಇಡುವವರಿಲ್ಲ. ಯಾರಿಗೆ ಹೇಳಬೇಕು?' ಇದು ಜಿಲ್ಲೆಯ ತುಂಬ ಇರುವ ಪ್ರಶ್ನೆ. ಪಂಚಾಯತಿಗೆ ಹೇಳು, ಆದರೆ ಬರೇ ಹೇಳಿ ಬರಬೇಡ. ಹಲಗೆ ಯಾರ ಕೊಟ್ಟಿಗೆಯಲ್ಲಿದೆ ಎಂದು ಈ ವಾರವೇ ಹುಡುಕು. ಎಷ್ಟು ಇವೆ, ಎಷ್ಟಕ್ಕೆ ಗೆದ್ದಲು ಹಿಡಿದಿದೆ, ತೋಡಿನ ಕಿಂಡಿಯ ಅಳತೆ ಎಷ್ಟು ಎಂದು ಬರೆದುಕೊಂಡು ಮುಂದಿನ ಗ್ರಾಮಸಭೆಗೆ ಹೋಗು. ಹಲಗೆ ಇಡುವುದು ಡಿಸೆಂಬರ್ ಮೊದಲ ವಾರ, ತೆಗೆಯುವುದು ಮೇ ತಿಂಗಳ ಇಪ್ಪತ್ತರ ಒಳಗೆ, ಇಡುವವರು ಇಂಥವರು, ತೆಗೆಯುವವರು ಇಂಥವರು ಎಂದು ಹೆಸರು ಸಮೇತ ನಿರ್ಣಯ ಬರೆಯಿಸು. ತೆಗೆಯಲು ಮರೆತರೆ ಮೊದಲ ದೊಡ್ಡ ಮಳೆಗೆ ನೀರು ದಡ ಕೊರೆದು ಪಕ್ಕದ ತೋಟಕ್ಕೆ ನುಗ್ಗುತ್ತದೆ. ಆಮೇಲೆ ಆ ತೋಟದವರು ಜನ್ಮದಲ್ಲಿ ಹಲಗೆ ಇಡಲು ಬಿಡುವುದಿಲ್ಲ. ಹೊಸ ಹಲಗೆ ಬೇಕಾದರೆ ಬಡಗಿಗೆ ಸೆಪ್ಟೆಂಬರಿನಲ್ಲೇ ಅಳತೆ ಕೊಡಬೇಕು. ಕೊಯ್ಲು ಶುರುವಾದ ಮೇಲೆ ನಮ್ಮೂರಲ್ಲಿ ಬಡಗಿಯೂ ಸಿಗುವುದಿಲ್ಲ, ಆಳೂ ಸಿಗುವುದಿಲ್ಲ.